ಸಂಬಳ ಇಳಿಸಿಕೊಂಡ ದ್ವೀಪ

ಜಪಾನಿನ ಓಕಿ ದ್ವೀಪಸಮೂಹದ ಅಮಾ ಪಟ್ಟಣಕ್ಕೆ 1221ರಲ್ಲಿ ಗಡೀಪಾರಾಗಿ ಬಂದ ಮಾಜಿ ಚಕ್ರವರ್ತಿ ಗೊ-ತೊಬಾ 1239ರಲ್ಲಿ ಅಲ್ಲಿಯೇ ಕಾಲವಾದನು. ಅಷ್ಟು ದೂರದ ಊರು. ಅಲ್ಲಿನ ಮೀನು ಹಡಗೇರಿ ಮುಖ್ಯಭೂಮಿ ಸೇರುವಷ್ಟರಲ್ಲಿ ತಾಜಾತನದೊಂದಿಗೆ ಬೆಲೆಯೂ ಇಳಿಯುತ್ತಿತ್ತು. 1950ರ ಸುಮಾರಿಗೆ ಏಳು ಸಾವಿರದಷ್ಟಿದ್ದ ಜನಸಂಖ್ಯೆ ಈ ಶತಮಾನದ ಆರಂಭಕ್ಕೆ ಎರಡೂವರೆ ಸಾವಿರದ ಆಸುಪಾಸಿಗೆ ಕುಸಿಯಿತು. ಪಟ್ಟಣಾಡಳಿತ ದಿವಾಳಿಯ ಅಂಚಿಗೆ ಬಂದಿತು.

ನೆರೆಯ ದ್ವೀಪಗಳೊಂದಿಗೆ ವಿಲೀನವಾಗಲು ಒಪ್ಪದ ಮೇಯರ್ ಮಿಚಿಯೊ ಯಾಮಾಉಚಿ 2005ರಲ್ಲಿ ತಮ್ಮ ವೇತನವನ್ನು ಅರ್ಧಕ್ಕಿಳಿಸಿಕೊಂಡರು. ನೌಕರರ ಸಂಬಳವೂ ಕಡಿತಗೊಂಡಿತು. ಮಿತವ್ಯಯದ ಸುತ್ತೋಲೆಗಳು ಸದಾ ಕೆಳದರ್ಜೆಯವರಿಂದಲೇ ಜಾರಿಗೆ ಬರುವುದನ್ನು ಕಂಡ ನನ್ನಂಥ ನಿವೃತ್ತ ಅಧಿಕಾರಿಗೆ ಇದು ಅಚ್ಚರಿಯೇ ಸರಿ. ಅದೇ ವರ್ಷ ಸ್ಥಾಪನೆಯಾದ ಶೈತ್ಯೀಕರಣ ಘಟಕದಿಂದ ಅಮಾದ ಸಿಂಪಿ, ಕಣವೆ ಮೀನುಗಳು ರುಚಿಗೆಡದೆ ದೂರದ ಪೇಟೆಗಳನ್ನು ತಲುಪಿದವು. ಮುಚ್ಚುವ ಭೀತಿಯಲ್ಲಿದ್ದ ಹೈಸ್ಕೂಲು ಹೊರಗಿನ ವಿದ್ಯಾರ್ಥಿಗಳನ್ನು ಕರೆತಂದು ಉಳಿದುಕೊಂಡಿತು. ಜನಸಂಖ್ಯೆ ಹಿಂದಿನಷ್ಟಕ್ಕೆ ಏರಲಿಲ್ಲ. ಆದರೆ ಇಳಿತದ ವೇಗ ತಗ್ಗಿತು.