ಹೆಸರು ಮತ್ತು ವಿಶ್ವಾಸ: ಒಂದು ಜನಗಣತಿಯ ಪಾಠ

ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯಲ್ಲಿ ಜನರ ಧರ್ಮವನ್ನು 2001ರಿಂದ ಕೇಳಲಾಗುತ್ತಿದೆ, ಉತ್ತರಿಸುವುದು ಐಚ್ಛಿಕ. ಆ ವರ್ಷ ಶೇ. 71.7ರಷ್ಟು ಜನರು ತಾವು ಕ್ರೈಸ್ತರೆಂದು ಬರೆಸಿದ್ದರು. 2021ರಲ್ಲಿ ಈ ಪ್ರಮಾಣ ಶೇ. 46.2ಕ್ಕೆ ಇಳಿಯಿತು. ಯಾವ ಧರ್ಮವೂ ಇಲ್ಲವೆಂದವರ ಪ್ರಮಾಣ ಶೇ. 14.8ರಿಂದ ಶೇ. 37.2ಕ್ಕೆ ಏರಿತು.

ಈ ಅಂಕಿಗಳನ್ನು ವಿಶ್ವಾಸದ ಅಳತೆಯೆಂದು ನಾವು ಅವಸರದಲ್ಲಿ ತಿಳಿಯಬಾರದು. ಜನಗಣತಿಯು ಎಣಿಸುವುದು ಜನರು ಹೇಳಿಕೊಳ್ಳುವ ಗುರುತನ್ನು. ಆರಾಧನೆ, ಪ್ರಾರ್ಥನೆಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. 2001ರಲ್ಲಿಯೂ ಕ್ರೈಸ್ತರೆಂದು ಬರೆಸಿದ ಬಹುಪಾಲು ಜನರು ಭಾನುವಾರದ ಆರಾಧನೆಗೆ ಬರುತ್ತಿರಲಿಲ್ಲ. ಸಭೆಯೊಡನೆ ಒಡನಾಟವಿಲ್ಲದೆಯೂ ದೇವರನ್ನು ನಂಬುವವರು ಬ್ರಿಟನ್ನಿನಲ್ಲಿ ಬಹುಮಂದಿ ಇರುವುದನ್ನು ಸಮಾಜಶಾಸ್ತ್ರಜ್ಞೆ ಗ್ರೇಸ್ ಡೇವಿ 1994ರಲ್ಲಿಯೇ ವಿವರಿಸಿದ್ದರು.

ಆದರೆ ಅಂಥ ನಂಬಿಕೆ ಮುಂದಿನ ತಲೆಮಾರಿಗೆ ಸುಲಭವಾಗಿ ದಾಟುವುದಿಲ್ಲ. 2021ರಲ್ಲಿ ಕ್ರೈಸ್ತರ ಮಧ್ಯಕ ವಯಸ್ಸು 51 ವರ್ಷ, ಧರ್ಮವಿಲ್ಲವೆಂದವರದು 32. ತಂದೆತಾಯಿಗಳು ಹೆಸರನ್ನು ಉಳಿಸಿಕೊಂಡರು. ಆಚರಣೆಯನ್ನು ಕಾಣದೆ ಬೆಳೆದ ಮಕ್ಕಳು ಆ ಹೆಸರನ್ನೂ ಬಿಟ್ಟರು.

ನಮ್ಮ ಸಭೆಗಳ ದೀಕ್ಷಾಸ್ನಾನದ ದಾಖಲೆಪುಸ್ತಕಗಳು ಇಂದು ತುಂಬಿರಬಹುದು. ಅಲ್ಲಿ ಹೆಸರು ಬರೆಸಿದ ಮಗುವಿಗೆ ಮನೆಯಲ್ಲಿ ಪ್ರಾರ್ಥನೆಯನ್ನು ಕಲಿಸುವವರು ಯಾರು? ಈ ಪ್ರಶ್ನೆಯನ್ನು ನಾವು ಈಗಲೇ ಕೇಳಿಕೊಳ್ಳುವುದು ಒಳಿತು.