ಫೋನಿನಲ್ಲಿ ಹೇಳಿದ್ದು ಕಂಪ್ಯೂಟರಿಗೆ ಗೊತ್ತಾ?

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಕಡೆಯ ಆಸ್ಪತ್ರೆಯೊಂದರ ಕಂಪ್ಯೂಟರಿನಲ್ಲಿ ‘ನಾಗ’ ಅಂತ ಟೈಪ್ ಮಾಡಿ ಹುಡುಕಿದರೆ ಪರದೆ ತುಂಬಿ ಕೆಳಕ್ಕೂ ಹರಿಯುತ್ತದೆ. ನಾಗಮ್ಮ, ನಾಗಪ್ಪ, ನಾಗರಾಜ, ನಾಗವೇಣಿ, ನಾಗಭೂಷಣ. ‘ಸುಬ್ಬ’ ಅಂದರೆ ಸುಬ್ಬಮ್ಮ, ಸುಬ್ಬರಾಯಪ್ಪ, ಸುಬ್ಬಣ್ಣ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಅಂತ ಸುಬ್ರಹ್ಮಣ್ಯನ ಮೂರು ಸ್ಥಾನ ಎಣಿಸುವ ನಾಡಿದು. ಉತ್ತರ ಪಿನಾಕಿನಿ ದಡದಲ್ಲಿ ಅವನು ಕೂತಿರುವಾಗ ಮಕ್ಕಳಿಗೆ ಇನ್ಯಾವ ಹೆಸರಿಡುತ್ತಾರೆ?

ಹೆಸರು ಬೇಡ, ಮೊಬೈಲ್ ನಂಬರಿನಿಂದ ಹುಡುಕೋಣ ಅಂದರೆ ಅಲ್ಲೂ ಅದೇ ಪಾಡು. ಒಂದೇ ನಂಬರಿನಡಿ ಅಜ್ಜಿ, ಮಗ, ಸೊಸೆ, ಮೊಮ್ಮಗು. ಹಾಗಾಗಿ ಡಾಕ್ಟರಿಗೆ ಹಳ್ಳಿಯಿಂದ ಫೋನ್ ಬಂದಾಗ ಆ ಕರೆಯನ್ನು ರೋಗಿಯ ದಾಖಲೆಗೆ ಸೇರಿಸುವ ಕೆಲಸದಲ್ಲಿ ಮೊದಲ ಕಷ್ಟ ಕಾಯಿಲೆಯದ್ದಲ್ಲ. ಮಾತಾಡುತ್ತಿರುವುದು ಯಾರು, ಯಾರ ಪರವಾಗಿ, ಯಾರ ಫೋನಿನಿಂದ ಅನ್ನುವುದು. ‘ಆಭಾ’ ಅನ್ನುವ 14 ಅಂಕಿಯ ಆರೋಗ್ಯ ಸಂಖ್ಯೆಯ ಉಪಯೋಗ ಇಲ್ಲೇ. ಮೊಬೈಲು ಮನೆಯದ್ದು, ಆಭಾ ಒಬ್ಬರದ್ದು.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ ನಮ್ಮ ಸೋದರತ್ತೆ. ಬಿಪಿಗೆ ಆಮ್ಲೋಡಿಪಿನ್ 10 ಮಿಲಿಗ್ರಾಂ ನುಂಗುತ್ತಿದ್ದಳು. ಪಾದ ಊದಿತು. ತೋರಿಸುತ್ತಿದ್ದ ಕ್ಲಿನಿಕ್ಕಿಗೆ ಫೋನ್ ಹಾಕಿ, “ಕಾಲು ಊದ್ಕಂಡವೆ ಡಾಕ್ಟ್ರೇ, ಚಪ್ಲಿ ಹಿಡಿಯಲ್ಲ” ಅಂದಳು. ಡಾಕ್ಟರು ಸರಿಯಾಗಿಯೇ ಹೇಳಿದರು: ಅದು ಆ ಮಾತ್ರೆಯದ್ದೇ ಗುಣ, ಅರ್ಧ ಮಾಡಿ ತಗೊಳ್ಳಿ. ಎರಡು ನಿಮಿಷದ ಮಾತು. ಅದನ್ನು ಯಾರೂ ಬರೆಯಲಿಲ್ಲ. ತಿಂಗಳಾದ ಮೇಲೆ ಹೋದಾಗ ಅಲ್ಲಿ ಬೇರೆ ಡಾಕ್ಟರು. ಬಿಪಿ ಏರಿತ್ತು, ಕಂಪ್ಯೂಟರಿನಲ್ಲಿ 10 ಅಂತಲೇ ಇತ್ತು. ಹತ್ತಕ್ಕೂ ಬಗ್ಗದ ಬಿಪಿ ಅಂದುಕೊಂಡು ಇನ್ನೊಂದು ಮಾತ್ರೆ ಸೇರಿಸಿದರು. ಸೊಸೆ ಚೀಟಿಯಲ್ಲಿದ್ದಂತೆ ಹತ್ತನ್ನೂ ಹೊಸದನ್ನೂ ಕೊಟ್ಟಳು. ನಾಲ್ಕನೇ ದಿನ ಬೆಳಿಗ್ಗೆ ಅತ್ತೆ ಕೊಟ್ಟಿಗೆಯಲ್ಲಿ ತಲೆ ತಿರುಗಿ ಗೋಡೆ ಹಿಡಿದು ಕೂತಳು. ಇಬ್ಬರು ಡಾಕ್ಟರೂ ತಮಗೆ ಗೊತ್ತಿದ್ದಷ್ಟರಲ್ಲಿ ತಪ್ಪು ಮಾಡಿರಲಿಲ್ಲ. ನಡುವೆ ಒಂದು ಸಾಲು ಇರಲಿಲ್ಲ, ಅಷ್ಟೇ.

ಫೋನಿನಲ್ಲಿ ವೈದ್ಯ ಹೊಸದೇನಲ್ಲ. ಫೋನ್ ಹುಟ್ಟಿದ್ದು 1876ರಲ್ಲಿ. 1879ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಮಗುವಿನ ಕೆಮ್ಮನ್ನು ಫೋನಿನಲ್ಲೇ ಕೇಳಿಸಿಕೊಂಡು ಗಾಬರಿಪಡುವಂಥದ್ದಲ್ಲ ಎಂದ ವೈದ್ಯನೊಬ್ಬನ ಸುದ್ದಿ ಬಂತು. ಕೆಮ್ಮು ತಂತಿಯಲ್ಲಿ ಬರುತ್ತದೆ. ಎದೆಬಡಿತ ಬರುವುದಿಲ್ಲ. ಹಳೇ ಫೋನ್ ಜಾಲ ಸಾಗಿಸುವುದು 300ರಿಂದ 3400 ಹರ್ಟ್ಸ್ ವರೆಗಿನ ಸದ್ದನ್ನು. ಸೆಕೆಂಡಿಗೆ 8000 ಸಲ ಅಳೆದು ಅಂಕಿ ಮಾಡಿ ಕಳಿಸುತ್ತದೆ. ಗುಂಡಿಗೆಯ ಲಬ್-ಡಬ್ ಬಹುಪಾಲು 200 ಹರ್ಟ್ಸ್‌ಗಿಂತ ಕೆಳಗೆ. ಸ್ಟೆತಸ್ಕೋಪು ಹಿಡಿಯುವುದನ್ನು ಫೋನು ಬಾಗಿಲಲ್ಲೇ ತಡೆಯುತ್ತದೆ. ಮೇಲಿನ ಕಡೆಯೂ ಕತ್ತರಿ ಬಿದ್ದಿರುವುದರಿಂದ ‘ಸ’ ಮತ್ತು ‘ಫ’ದ ಅಂಚು ಮಸುಕಾಗುತ್ತದೆ. ಮಾತ್ರೆಯ ಹೆಸರು ತಪ್ಪು ಕೇಳಿಸಲು ಇದೊಂದು ಕಾರಣ. ಈಗಿನ 4ಜಿ ಕರೆಯಲ್ಲಿ ಕಿಟಕಿ ದೊಡ್ಡದಾಗಿದೆ, ಆದರೂ ಫೋನನ್ನು ಎದೆಗೆ ಒತ್ತಿಕೊಂಡು “ಕೇಳಿಸ್ತಾ ಸಾರ್?” ಅನ್ನುವುದರಿಂದ ಪ್ರಯೋಜನವಿಲ್ಲ.

ಫೋನಿನ ಈ ಮಿತಿಗೂ ದಾಖಲೆಗೂ ಸಂಬಂಧ ಇದೆ. 1968ರಲ್ಲಿ ಲಾರೆನ್ಸ್ ವೀಡ್ ಎಂಬ ಅಮೆರಿಕದ ವೈದ್ಯ ರೋಗಿಯ ಕಡತ ಬರೆಯಲು ಒಂದು ಕ್ರಮವನ್ನು ಮುಂದಿಟ್ಟ. ನಾಲ್ಕು ಭಾಗ: ರೋಗಿ ಹೇಳಿದ್ದು, ವೈದ್ಯ ಕಂಡದ್ದು, ತೀರ್ಮಾನ, ಮುಂದೇನು. ಇಂಗ್ಲಿಷ್ ಮೊದಲಕ್ಷರ ಸೇರಿಸಿದರೆ ‘ಸೋಪ್’. ಈಗಲೂ ಮೆಡಿಕಲ್ ವಿದ್ಯಾರ್ಥಿಗಳು ಸೋಪು ಹಚ್ಚಿಯೇ ಕೈ ಪಳಗಿಸುವುದು. ಫೋನ್ ಕರೆಯಲ್ಲಿ ಎರಡನೇ ಭಾಗ ಖಾಲಿ. ನಾಡಿ ಮುಟ್ಟಿಲ್ಲ, ನಾಲಗೆ ನೋಡಿಲ್ಲ. ಒಳ್ಳೆಯ ದಾಖಲೆ ಆ ಖಾಲಿತನವನ್ನು ಮುಚ್ಚಿಡುವುದಿಲ್ಲ. ‘ಪರೀಕ್ಷಿಸಿಲ್ಲ, ಫೋನಿನಲ್ಲಿ ಮಾತ್ರ’ ಅಂತ ಬರೆಯುತ್ತದೆ.

ಕೆಲವೊಮ್ಮೆ ಆ ಜಾಗವನ್ನು ಆ ಕಡೆಯವರ ಕಣ್ಣಿನಿಂದ ತುಂಬಬಹುದು. ಮಗುವಿಗೆ ಕೆಮ್ಮು, ಉಬ್ಬಸ ಅಂತ ತಾಯಿ ಹೇಳಿದರೆ ಅಂಗಿ ಎತ್ತಿ ಹೊಟ್ಟೆ ನೋಡಿ, ಪೂರಾ ಒಂದು ನಿಮಿಷ ಉಸಿರು ಎಣಿಸಿ ಅನ್ನುತ್ತಾರೆ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಾದರೆ 50, ಒಂದರಿಂದ ಐದು ವರ್ಷದ್ದಾದರೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ನ್ಯುಮೋನಿಯಾ ಇರಬಹುದೆಂದು ಆಸ್ಪತ್ರೆಗೆ ಹೊರಡಿಸಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ದಾಖಲೆಯಲ್ಲಿ ‘ಉಸಿರು 46’ ಅಂತ ಬರೆದರೆ ಅರ್ಧ ಸತ್ಯ. ‘ಉಸಿರು 46, ತಾಯಿ ಎಣಿಸಿದ್ದು’ ಅಂತ ಬರೆದರೆ ಪೂರಾ ಸತ್ಯ.

ಆಮೇಲೆ ಭಾಷೆ. ಪಾವಗಡ ತಾಲ್ಲೂಕಿಗೆ ಹೆಚ್ಚಿನ ಕಡೆ ಆಂಧ್ರವೇ ನೆರೆ. ಒಂದೇ ಉಸಿರಿನಲ್ಲಿ ಕನ್ನಡ ತೆಲುಗು ಎರಡೂ ಬರುತ್ತವೆ. ‘ನಿನ್ನ’ ಅಂದರೆ ತೆಲುಗಿನಲ್ಲಿ ನೆನ್ನೆ; ಧಾರವಾಡ ಕಡೆಯಿಂದ ಬಂದ ಡಾಕ್ಟರಿಗೆ ‘ನಿನ್ನ ಜ್ವರಂ’ ಅಂದರೆ ಅವರು ಯಾರ ಜ್ವರ ಅಂದುಕೊಳ್ಳಬೇಕು? ನಮ್ಮ ‘ಮೊನ್ನೆ’ ಇನ್ನೂ ಹೆಚ್ಚಿನ ಮೋಸಗಾರ. ಅದು ಎರಡು ದಿನದ ಹಿಂದಿನದ್ದೂ ಆಗಬಹುದು, ಹೋದ ಜಾತ್ರೆಯದ್ದೂ ಆಗಬಹುದು. ಡೆಂಗ್ಯೂ ಜ್ವರದಲ್ಲಿ ದಿನದ ಲೆಕ್ಕವೇ ಪ್ರಾಣ. ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಅಪಾಯ ಕಾದಿರುತ್ತದೆ. ‘ಮೊನ್ನೆಯಿಂದ’ ಅನ್ನುವುದನ್ನು ತಾರೀಖಾಗಿ ತಿರುಗಿಸದೆ ದಾಖಲೆ ಬರೆದರೆ ನಾಳಿನ ಡಾಕ್ಟರು ಎಣಿಸುವುದಾದರೂ ಎಲ್ಲಿಂದ?

ಇಡೀ ಕರೆಯನ್ನೇ ರೆಕಾರ್ಡ್ ಮಾಡಿ ಇಟ್ಟುಕೊಂಡರಾಯಿತಲ್ಲ ಅನ್ನಬಹುದು. ಜಾಗದ ತೊಂದರೆಯೇನಿಲ್ಲ: ಸಾಧಾರಣ ಫೋನ್ ಗುಣಮಟ್ಟದಲ್ಲಿ ಐದು ನಿಮಿಷದ ಮಾತು 2.4 ಎಂಬಿ, ಒಂದು ಫೋಟೋದಷ್ಟು. ತೊಂದರೆ ಕೇಳುವವನದ್ದು. ಹೊರಗೆ ಅರವತ್ತು ಜನ ಕಾಯುತ್ತಿರುವಾಗ ಯಾವ ಡಾಕ್ಟರು ಹಳೇ ಕರೆ ಹಾಕಿಕೊಂಡು ಕೂರುತ್ತಾರೆ? ಐದು ಸಾಲಿನ ಟಿಪ್ಪಣಿಯನ್ನು ಇಪ್ಪತ್ತು ಸೆಕೆಂಡಿನಲ್ಲಿ ಓದಬಹುದು.

ಆ ಐದು ಸಾಲು ಯಂತ್ರದೊಳಗೆ ಹೇಗಿರುತ್ತವೆ ನೋಡಿ. ದೇಶದ ಡಿಜಿಟಲ್ ಆರೋಗ್ಯ ಜಾಲ ಬಳಸುವ ‘ಫೈರ್’ ಎಂಬ ಮಾನದಂಡದಲ್ಲಿ ರೋಗಿ-ವೈದ್ಯರ ಪ್ರತಿ ಭೇಟಿಗೂ ಒಂದು ಜಾತಿಯ ಗುರುತು ಇದೆ. ಎದುರಿಗೆ ಬಂದು ತೋರಿಸಿಕೊಂಡು ಹೋದರೆ ‘ಎಎಂಬಿ’, ದೂರದಿಂದ ಮಾತಾಡಿದರೆ ‘ವಿಆರ್’. ಓದುವವನಿಗೆ ಮೊದಲ ನೋಟಕ್ಕೇ ತಿಳಿಯಬೇಕಾದದ್ದು ಇದು. ಜೊತೆಗೆ ಎರಡು ಗಡಿಯಾರ: ಕರೆ ಬಂದ ಹೊತ್ತು, ಬರೆದ ಹೊತ್ತು. ರಾತ್ರಿ ಹತ್ತಕ್ಕೆ ಮಾತಾಡಿ ಬೆಳಿಗ್ಗೆ ಹನ್ನೊಂದಕ್ಕೆ ಬರೆದಿದ್ದರೆ ಆ ಹದಿಮೂರು ಗಂಟೆಯ ಮರೆವೂ ಅಲ್ಲಿ ಕಾಣುತ್ತದೆ. ಸರಿಯಾದ ತಂತ್ರಾಂಶ ಬರೆದದ್ದನ್ನು ಅಳಿಸಲು ಬಿಡುವುದಿಲ್ಲ. ತಿದ್ದಿದರೆ ಹಳೆಯದು ಹಾಗೇ ಉಳಿದು ಕೆಳಗೆ ಹೊಸದು ಕೂರುತ್ತದೆ, ತಿದ್ದಿದವರ ಹೆಸರಿನ ಸಮೇತ. ಶಾನುಭೋಗರ ಲೆಕ್ಕದಲ್ಲಿ ಗೀಟು ಹೊಡೆದ ಸಾಲು ಗೀಟಿನ ಹಿಂದೆ ಓದಲು ಸಿಗುತ್ತಿತ್ತಲ್ಲ, ಹಾಗೆ.

ಕಾನೂನೂ ಸುಮ್ಮನಿಲ್ಲ. ಕೊರೋನಾ ಲಾಕ್‌ಡೌನ್ ಶುರುವಾದ ದಿನ, 25 ಮಾರ್ಚ್ 2020ರಂದು, ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಫೋನ್ ಕರೆಯ ವಿವರವನ್ನೂ ಚಾಟ್ ಸಂದೇಶವನ್ನೂ ವೈದ್ಯರು ಕಾಪಾಡಬೇಕು ಎನ್ನುತ್ತದೆ. ರೋಗಿ ತಾನೇ ಕರೆ ಮಾಡಿದರೆ ಒಪ್ಪಿಗೆ ಇದೆ ಅಂತಲೇ ಲೆಕ್ಕ. ಡಾಕ್ಟರೋ ಆರೋಗ್ಯ ಕಾರ್ಯಕರ್ತೆಯೋ ಮೊದಲು ಕರೆ ಮಾಡಿದರೆ ಬಾಯಿಬಿಟ್ಟು ಕೇಳಿ, ಅದನ್ನು ದಾಖಲಿಸಬೇಕು. ಒಳರೋಗಿಗಳ ದಾಖಲೆ ಮೂರು ವರ್ಷ ಇಡಬೇಕು ಅಂತ 2002ರ ವೈದ್ಯಕೀಯ ಮಂಡಳಿಯ ನಿಯಮ. ವಿದ್ಯುನ್ಮಾನ ದಾಖಲೆ ರೋಗಿ ಬದುಕಿರುವಷ್ಟು ಕಾಲವೂ ನಾಶವಾಗಬಾರದು ಅಂತ 2016ರ ಮಾನದಂಡ.

ಮೊಹಾಲಿಯ ಸಿ-ಡ್ಯಾಕ್ ಕಟ್ಟಿದ, 2019ರ ನವೆಂಬರಿನಲ್ಲಿ ಶುರುವಾದ ಇ-ಸಂಜೀವಿನಿ ಎಂಬ ಸರ್ಕಾರಿ ಟೆಲಿಮೆಡಿಸಿನ್ ಸೇವೆಯಲ್ಲಿ ಬರೆದಿಡುವ ಈ ತಾಪತ್ರಯ ಕಡಿಮೆ. ಕರೆ ನಡೆಯುವುದೂ ಔಷಧಿ ಚೀಟಿ ಹುಟ್ಟುವುದೂ ಒಂದೇ ತಂತ್ರಾಂಶದೊಳಗೆ. ಕಷ್ಟ ಇರುವುದು ಡಾಕ್ಟರ ಸ್ವಂತ ಮೊಬೈಲಿಗೆ ನೇರವಾಗಿ ಹೋಗುವ ಕರೆಯಲ್ಲಿ. ನಮ್ಮ ಕಡೆ ಜನರಿಗೆ ನಂಬಿಕೆ ಇರುವುದು ಅದೇ ಕರೆಯ ಮೇಲೆ. ಅದು ಊಟದ ನಡುವೆ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಬರುತ್ತದೆ. ವಾಟ್ಸ್ಯಾಪಿನಲ್ಲಿ ಕಳಿಸಿದ ಔಷಧಿ ಚೀಟಿಯೂ ಫೋನ್ ಬದಲಾದ ದಿನ ಮಾಯವಾಗಬಹುದು. ಇದೇ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಸುತ್ತ 13,000 ಎಕರೆಯಲ್ಲಿ 2050 ಮೆಗಾವಾಟಿನ ಸೌರ ಸ್ಥಾವರ ಇದೆ. ಗ್ರಿಡ್ಡಿಗೆ ಹರಿದ ವಿದ್ಯುತ್ತಿಗೆ ಪ್ರತಿ 15 ನಿಮಿಷಕ್ಕೊಂದು ಲೆಕ್ಕ, ದಿನಕ್ಕೆ 96. ಅದರ ಮಗ್ಗುಲಲ್ಲೇ ಊದಿದ ಕಾಲಿಗೆ ಒಂದು ಸಾಲು ಇಲ್ಲ ಅಂದರೆ ಬೇಜಾರಾಗುತ್ತದೆ.

ಬರೆಯುವ ಹೊಣೆ ಡಾಕ್ಟರದ್ದೇ. ಆದರೂ ಕರೆ ಮಾಡುವವರು ಅದನ್ನು ಹಗುರ ಮಾಡಬಹುದು. ಫೋನ್ ಮಾಡುವ ಮೊದಲು ಮಾತ್ರೆಯ ಪಟ್ಟಿ ಕೈಯಲ್ಲಿರಲಿ. ರೋಗಿಯ ಹೆಸರು, ವಯಸ್ಸು, ನೀವು ಅವರಿಗೆ ಏನಾಗಬೇಕು, ಯಾವ ತಾರೀಖಿನಿಂದ ತೊಂದರೆ ಅನ್ನುವುದನ್ನು ಮೊದಲೇ ಹೇಳಿ. ಡಾಕ್ಟರು ಹೇಳಿದ್ದನ್ನು ಫೋನ್ ಇಡುವ ಮುಂಚೆ ಒಮ್ಮೆ ತಿರುಗಿ ಒಪ್ಪಿಸಿ: “ಅರ್ಧ ಮಾತ್ರೆ, ಬೆಳಿಗ್ಗೆ ಮಾತ್ರ, ಕಡಿಮೆ ಆಗದಿದ್ರೆ ಸೋಮವಾರ ಬರ್ಬೇಕು, ಅಲ್ವಾ ಡಾಕ್ಟ್ರೇ?” ಆಮೇಲೆ ಸಂಕೋಚಪಡದೆ ಇನ್ನೊಂದು ಮಾತು ಕೇಳಿ, “ಇದನ್ನ ಕಂಪ್ಯೂಟರಲ್ಲಿ ಬರೀತೀರಾ?” ದಾಖಲೆಯ ಪ್ರತಿ ಬೇಕೆಂದು ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದೇ 2002ರ ನಿಯಮದಲ್ಲಿದೆ. ಇಸಿದುಕೊಂಡು, ನೀವು ಫೋನ್ ಮಾಡಿದ ದಿನದ ತಾರೀಖು ಅದರಲ್ಲಿದೆಯಾ ನೋಡಿ.