ಸೀಟಿ ಊದಿದವರನ್ನು ಕೇಳುವವರು ಯಾರು?

ಬೆಂಗಳೂರಿನ ಕಂಠೀರವ ಕ್ರೀಡಾಂಗಣ. 2023ರ ಮಾರ್ಚ್ 3ರ ರಾತ್ರಿ. ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳು ಎದುರಾಗಿದ್ದವು. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಅವಧಿಯ ಆರನೇ ನಿಮಿಷದಲ್ಲಿ ಪೆನಾಲ್ಟಿ ಆವರಣದ ಸಮೀಪ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಕೇರಳದ ಗೋಲ್‌ಕೀಪರ್ ತಮ್ಮ ಆಟಗಾರರನ್ನು ಗೋಡೆಯಂತೆ ನಿಲ್ಲಿಸುವ ಗಡಿಬಿಡಿಯಲ್ಲಿದ್ದರು. ಸುನಿಲ್ ಛೇತ್ರಿ ಕಾಯಲಿಲ್ಲ. ಚೆಂಡನ್ನು ಗೋಲಿನೊಳಕ್ಕೆ ಕಳಿಸಿಯೇಬಿಟ್ಟರು. ರೆಫರಿ ಗೋಲ್ ಎಂದು ಘೋಷಿಸಿದರು.

ಮುಂದೆ ನಡೆದದ್ದು ಭಾರತದ ಫುಟ್‌ಬಾಲ್‌ನಲ್ಲಿ ಬಲು ಅಪರೂಪದ ಸಂಗತಿ. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನೆಲ್ಲ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ತಂಡ ಹಿಂತಿರುಗಲಿಲ್ಲ. ಪಂದ್ಯ ಬೆಂಗಳೂರಿನ ಪಾಲಾಯಿತು. ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಕೇರಳದ ಮನವಿಯನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ತಳ್ಳಿಹಾಕಿತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ತರಬೇತುದಾರನಿಗೆ 10 ಪಂದ್ಯಗಳ ನಿಷೇಧ, ಜೊತೆಗೆ 5 ಲಕ್ಷ ರೂಪಾಯಿ ದಂಡ ಬಿದ್ದವು. ಕ್ಲಬ್ಬು ಬಹಿರಂಗವಾಗಿ ಕ್ಷಮೆ ಕೇಳಿತು.

ಹಾಗಾದರೆ ರೆಫರಿಯ ತೀರ್ಮಾನ ಸರಿಯೋ ತಪ್ಪೋ? ನಿಯಮದ ಪ್ರಕಾರ ಫ್ರೀ ಕಿಕ್ ಹೊಡೆಯಲು ಸೀಟಿಗಾಗಿ ಕಾಯಬೇಕಾಗಿಲ್ಲ. ಆದರೆ ಎದುರಾಳಿಗಳನ್ನು 9.15 ಮೀಟರ್ ಹಿಂದಕ್ಕೆ ಸರಿಸಲು ರೆಫರಿ ಮುಂದಾಗಿದ್ದರೆ ಸೀಟಿಯಾಗುವ ತನಕ ಚೆಂಡನ್ನು ಮುಟ್ಟುವಂತಿಲ್ಲ. ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ತಾವು ರೆಫರಿಗೆ ಮೊದಲೇ ಹೇಳಿದ್ದಾಗಿ ಛೇತ್ರಿ ತಿಳಿಸಿದರು. ತಮ್ಮವರಿನ್ನೂ ಸಿದ್ಧರಾಗಿರಲಿಲ್ಲ, ಸೀಟಿ ಬೇಕಿತ್ತು ಎಂಬುದು ಕೇರಳದವರ ವಾದ. ಎಲ್ಲವೂ ನಿಂತದ್ದು ಮೈದಾನದ ನಡುವೆ ಇಬ್ಬರು ಮೂವರು ಆಡಿದ ಮಾತಿನ ಮೇಲೆ. ಹಣ ಕೊಟ್ಟು ಗ್ಯಾಲರಿಯಲ್ಲಿ ಕುಳಿತ ಸಾವಿರಾರು ಜನರಿಗೆ ಆ ಮಾತು ಕೇಳಿಸಲೇ ಇಲ್ಲ.

ಫುಟ್‌ಬಾಲ್ ಅಭಿಮಾನಿಯ ಸಿಟ್ಟಿನ ಮೂಲ ಇಲ್ಲಿದೆ. ತಪ್ಪಾಯಿತೆಂಬುದಕ್ಕಿಂತ, ಏನಾಯಿತೆಂದು ಯಾರೂ ಹೇಳುವುದಿಲ್ಲ ಎಂಬ ಸಿಟ್ಟು ಅದು. ಇದು ಬೆಂಗಳೂರು, ಕೊಚ್ಚಿಗಳ ಕಥೆ ಮಾತ್ರವಲ್ಲ. ಜಗತ್ತಿನ ಅತಿ ಶ್ರೀಮಂತ ಲೀಗುಗಳಲ್ಲೂ ಇದೇ ಗೋಳು.

ಕಣ್ಣಿಗೂ ಒಂದು ಮಿತಿ

ರೆಫರಿಯನ್ನು ಬೈಯುವ ಮುನ್ನ ಆತನ ಕೆಲಸ ಎಂಥದೆಂದು ನೋಡಬೇಕು. ಆಫ್‌ಸೈಡ್ ನಿಯಮವನ್ನೇ ತೆಗೆದುಕೊಳ್ಳಿ. ತನ್ನವನೊಬ್ಬ ಚೆಂಡನ್ನು ಒದ್ದ ಕ್ಷಣದಲ್ಲಿ, ಎದುರಾಳಿಯ ಅಂಗಳದಲ್ಲಿರುವ ಆಟಗಾರ ಚೆಂಡಿಗಿಂತಲೂ, ಎದುರಾಳಿ ತಂಡದ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿಗೆ ಹತ್ತಿರವಿದ್ದರೆ ಅದು ಆಫ್‌ಸೈಡ್. ಹೇಳುವುದು ಸುಲಭ. ಆದರೆ ಗಡಿಗೆರೆಯ ಪಕ್ಕ ಧ್ವಜ ಹಿಡಿದು ಓಡುವ ಸಹಾಯಕ ರೆಫರಿ ನಲವತ್ತು ಮೀಟರ್ ಆಚೆ ಚೆಂಡು ಒದೆಯುವವನ ಕಾಲನ್ನೂ, ಇತ್ತ ಓಡುತ್ತಿರುವವನ ಹೆಗಲನ್ನೂ ಒಂದೇ ಕ್ಷಣದಲ್ಲಿ ನೋಡಬೇಕು!

ದಾಳಿ ಮಾಡುವವನು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಮುನ್ನುಗ್ಗುತ್ತಾನೆ. ಅವನನ್ನು ಬಲೆಗೆ ಕೆಡವಲು ರಕ್ಷಕ ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಓಡುತ್ತಾನೆ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಅವರಿಬ್ಬರ ನಡುವಿನ ಅಂತರ 1.4 ಮೀಟರ್ ಬದಲಾಗುತ್ತದೆ. ದೃಷ್ಟಿಯನ್ನು ಅತ್ತಣಿಂದ ಇತ್ತ ಹೊರಳಿಸಲು ಕಣ್ಣಿಗೆ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕೇ ಬೇಕು.

ಇನ್ನೊಂದು ತೊಡಕೂ ಇದೆ. ಪ್ರಯೋಗಶಾಲೆಯಲ್ಲಿ ಅಳತೆಜಾಡಿಯ ನೀರಿನ ಮಟ್ಟವನ್ನು ಮೇಲಿನಿಂದಲೋ ಕೆಳಗಿನಿಂದಲೋ ನೋಡಿದರೆ ಲೆಕ್ಕ ತಪ್ಪುತ್ತದೆ. ಕಣ್ಣು ನೀರಿನ ಮಟ್ಟಕ್ಕೇ ಇರಬೇಕು. ಬಸ್ಸಿನ ವೇಗದ ಮುಳ್ಳು ಚಾಲಕನಿಗೆ ಒಂದು ಅಂಕಿ ತೋರಿಸಿದರೆ ಪಕ್ಕದಲ್ಲಿ ಕುಳಿತವನಿಗೆ ಇನ್ನೊಂದು ಅಂಕಿ ತೋರಿಸುತ್ತದೆ. ಸಹಾಯಕ ರೆಫರಿಯ ಪಾಡೂ ಇದೇ. ಕೊನೆಯ ರಕ್ಷಕನ ಸಾಲಿನಿಂದ ಆತ ಒಂದು ಮೀಟರ್ ಹಿಂದೆ ಮುಂದೆ ಆದರೂ ಸಾಕು, ಸರಿಯಾದದ್ದು ತಪ್ಪಾಗಿ, ತಪ್ಪಾದದ್ದು ಸರಿಯಾಗಿ ಕಾಣುತ್ತದೆ. ಆಂಸ್ಟರ್‌ಡ್ಯಾಂನ ಸಂಶೋಧಕರು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನೇ ತೋರಿಸಿಕೊಟ್ಟರು. ಆಫ್‌ಸೈಡ್ ತಪ್ಪುಗಳಿಗೆ ಪಕ್ಷಪಾತವಾಗಲೀ ಅಜಾಗರೂಕತೆಯಾಗಲೀ ಕಾರಣವಾಗಬೇಕಿಲ್ಲ, ನೋಡುವ ಕೋನವೇ ಸಾಕು ಎಂದು ಅವರು ವಿವರಿಸಿದ್ದರು.

ಯಂತ್ರ ಬಂತು, ಜಗಳ ಹೋಗಲಿಲ್ಲ

ಕಣ್ಣು ಸೋತಲ್ಲಿ ಯಂತ್ರವನ್ನು ತರೋಣ ಎಂಬ ಯೋಚನೆ ಸಹಜ. ಕ್ರಿಕೆಟ್ಟಿನಲ್ಲಿ 1992ರಷ್ಟು ಹಿಂದೆಯೇ ಮೂರನೆಯ ಅಂಪೈರ್ ಬಂದರು. ಡರ್ಬನ್‌ನಲ್ಲಿ ಹಾಗೆ ಮೊದಲು ಔಟಾದವರು ನಮ್ಮ ಸಚಿನ್ ತೆಂಡೂಲ್ಕರ್. ಫುಟ್‌ಬಾಲ್ ಮಾತ್ರ ಬಹುಕಾಲ ಒಲ್ಲೆನೆಂದಿತು. 2010ರ ಜೂನ್ 27ರಂದು ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೀನ್‌ನಲ್ಲಿ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಗೋಲಿನ ಗೆರೆಯ ಒಳಗೆ ಬಿದ್ದು ಪುಟಿಯಿತು. ಟೀವಿ ಮುಂದಿದ್ದ ಜಗತ್ತೆಲ್ಲ ನೋಡಿತು, ರೆಫರಿ ನೋಡಲಿಲ್ಲ. 2–2 ಆಗಬೇಕಿದ್ದ ಪಂದ್ಯವನ್ನು ಜರ್ಮನಿ 4–1ರಿಂದ ಗೆದ್ದಿತು. ಫಿಫಾ ಅಧ್ಯಕ್ಷರು ಕ್ಷಮೆ ಕೇಳಿದರು. 2012ರಲ್ಲಿ ಗೋಲ್‌ಗೆರೆ ತಂತ್ರಜ್ಞಾನಕ್ಕೆ ಒಪ್ಪಿಗೆ ದೊರೆಯಿತು.

ಆದರೆ ಯಂತ್ರವೂ ಕೈಕೊಡಬಲ್ಲದು. 2020ರ ಜೂನ್ 17ರಂದು ಆಸ್ಟನ್ ವಿಲ್ಲಾ ತಂಡದ ಗೋಲ್‌ಕೀಪರ್ ಚೆಂಡನ್ನು ಅಪ್ಪಿಕೊಂಡೇ ಗೆರೆಯ ಆಚೆ ಹೋದರು. ರೆಫರಿಯ ಕೈಗಡಿಯಾರ ಮಿಡಿಯಲಿಲ್ಲ. ಏಳು ಕ್ಯಾಮರಾಗಳಿಗೂ ಆಟಗಾರರು ಅಡ್ಡ ಬಂದಿದ್ದರು. ಒಂಬತ್ತು ಸಾವಿರಕ್ಕೂ ಹೆಚ್ಚು ಪಂದ್ಯಗಳಲ್ಲಿ ಹೀಗಾದದ್ದು ಇದೇ ಮೊದಲು ಎಂದು ಕಂಪೆನಿ ಕ್ಷಮೆ ಕೇಳಿತು. ಶೆಫೀಲ್ಡ್ ಯುನೈಟೆಡ್‌ಗೆ ಗೋಲು ಸಿಗದೆ ಪಂದ್ಯ 0–0 ಆಯಿತು. ಋತುವಿನ ಕೊನೆಗೆ ವಿಲ್ಲಾ 35 ಅಂಕ ಗಳಿಸಿ ಉಳಿದುಕೊಂಡರೆ, 34 ಅಂಕ ಗಳಿಸಿದ ಬೋರ್ನ್‌ಮತ್ ಮತ್ತು ವ್ಯಾಟ್‌ಫರ್ಡ್ ಕೆಳಗಿನ ಶ್ರೇಣಿಗೆ ಇಳಿದವು. ಒಂದೇ ಒಂದು ಅಂಕ! ಆ ಊರುಗಳ ಜನ ಆ ಮಿಡಿಯದ ಗಡಿಯಾರವನ್ನು ಮರೆತಾರೆಯೇ?

2018ರಲ್ಲಿ ವಿಡಿಯೋ ಸಹಾಯಕ ರೆಫರಿ, ಅಂದರೆ ವಿಎಆರ್, ನಿಯಮಪುಸ್ತಕಕ್ಕೆ ಸೇರಿತು. ಗೋಲು, ಪೆನಾಲ್ಟಿ, ನೇರ ಕೆಂಪು ಚೀಟಿ, ತಪ್ಪು ಆಟಗಾರನಿಗೆ ಶಿಕ್ಷೆ – ಈ ನಾಲ್ಕು ಸಂದರ್ಭಗಳಲ್ಲಿ ಮಾತ್ರ ದೂರದ ಕೋಣೆಯಲ್ಲಿ ಕುಳಿತವರು ಚಿತ್ರ ನೋಡಿ ಸಲಹೆ ಕೊಡಬಹುದೆಂದಾಯಿತು. ಕೂಡಲೇ ಹೊಸ ತಕರಾರು ಹುಟ್ಟಿತು. ಸೆಕೆಂಡಿಗೆ 50 ಚಿತ್ರ ತೆಗೆಯುವ ಕ್ಯಾಮರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ, 8 ಮೀಟರ್ ವೇಗದಲ್ಲಿ ಓಡುವವನು 16 ಸೆಂಟಿಮೀಟರ್ ಸಾಗಿರುತ್ತಾನೆ. ಚೆಂಡು ಒದ್ದದ್ದು ಈ ಚಿತ್ರದಲ್ಲೋ ಮುಂದಿನದರಲ್ಲೋ? ಅದೇ ಖಚಿತವಿಲ್ಲದಿರುವಾಗ ಕಂಕುಳಿಗೂ ಹೆಬ್ಬೆರಳಿಗೂ ಗೆರೆ ಎಳೆದು ಎರಡು ಸೆಂಟಿಮೀಟರಿಗೆ ಗೋಲು ರದ್ದುಮಾಡುವುದು ಯಾವ ನ್ಯಾಯ? ಎಷ್ಟು ತಪ್ಪಿರಬಹುದು ಎಂಬುದನ್ನೂ ಹೇಳದ ಅಳತೆ ಪೂರ್ಣ ಅಳತೆಯಲ್ಲ ಎಂಬುದು ವಿಜ್ಞಾನದ ಮೊದಲ ಪಾಠ. ಕ್ರಿಕೆಟ್ಟಿನ 'ಅಂಪೈರ್ಸ್ ಕಾಲ್' ಆ ಪಾಠವನ್ನು ಒಪ್ಪಿಕೊಂಡಿದೆ. ಇಂಗ್ಲೆಂಡಿನಲ್ಲಿ 2021–22ರ ಋತುವಿನಿಂದ ಗೆರೆಯನ್ನು ದಪ್ಪ ಮಾಡಿ, ಸಂದೇಹದ ಲಾಭ ದಾಳಿ ಮಾಡುವವನಿಗೆ ಸಿಗುವಂತೆ ಮಾಡಿದರು. 2022ರ ಕತಾರ್ ವಿಶ್ವಕಪ್‌ನಲ್ಲಿ ಚೆಂಡಿನೊಳಗೇ ಇಟ್ಟ ಸಂವೇದಕ ಸೆಕೆಂಡಿಗೆ 500 ಬಾರಿ ಸುದ್ದಿ ಕಳಿಸಿತು. 16 ಸೆಂಟಿಮೀಟರಿನ ಸಂದೇಹ ಆಗ 1.6ಕ್ಕೆ ಇಳಿಯಿತು.

ಎರಡೇ ಪದಗಳ ಎಡವಟ್ಟು

ಯಂತ್ರ ಸರಿಯಾಗಿದ್ದೂ ಮನುಷ್ಯ ಎಡವಿದರೆ? 2023ರ ಸೆಪ್ಟೆಂಬರ್ 30ರಂದು ಲಂಡನ್ನಿನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲು ಹೊಡೆದರು. ಸಹಾಯಕ ರೆಫರಿ ಆಫ್‌ಸೈಡ್ ಧ್ವಜ ಎತ್ತಿದರು. ವಿಡಿಯೋ ಕೋಣೆಯಲ್ಲಿದ್ದವರು ಚಿತ್ರ ನೋಡಿದರು. ಡಿಯಾಜ್ ಆಫ್‌ಸೈಡ್ ಇರಲಿಲ್ಲ. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದೇ ಅವರು ಭಾವಿಸಿದ್ದರು! 'ಪರಿಶೀಲನೆ ಮುಗಿಯಿತು' ಎಂದಷ್ಟೇ ಹೇಳಿದರು. ಹಾಗೆಂದರೆ ಆಫ್‌ಸೈಡ್ ಖಚಿತವಾಯಿತೆಂದು ಮೈದಾನದವರು ತಿಳಿದು ಆಟ ಮುಂದುವರಿಸಿದರು. ಕೆಲವೇ ಸೆಕೆಂಡುಗಳಲ್ಲಿ ಕೋಣೆಯಲ್ಲಿ ಗುಲ್ಲೆದ್ದಿತು. ಆಟ ನಿಲ್ಲಿಸುವ ಸಲಹೆಯೂ ಬಂತು. ಆದರೆ ಆಟ ಮತ್ತೆ ಆರಂಭವಾದ ಮೇಲೆ ತೀರ್ಮಾನ ಬದಲಿಸುವಂತಿಲ್ಲ ಎಂಬ ನಿಯಮ ಅಡ್ಡ ನಿಂತಿತು. ಇಬ್ಬರು ಆಟಗಾರರನ್ನು ಕಳೆದುಕೊಂಡ ಲಿವರ್‌ಪೂಲ್ ಕೊನೆಯ ಗಳಿಗೆಯಲ್ಲಿ ತಾನೇ ತನ್ನ ಗೋಲಿಗೆ ಹೊಡೆದುಕೊಂಡು 2–1ರಿಂದ ಸೋತಿತು.

ಆ ಸಂಜೆಯೇ ರೆಫರಿಗಳ ಸಂಸ್ಥೆ 'ಗಂಭೀರ ಮಾನವ ದೋಷ' ಎಂದು ಒಪ್ಪಿಕೊಂಡಿತು. ಮೂರು ದಿನಗಳ ಬಳಿಕ ಕೋಣೆಯ ಸಂಭಾಷಣೆಯನ್ನು ಬಿಡುಗಡೆ ಮಾಡಿತು. ಕೇಳಿದವರು ದಂಗಾದರು. ಅದರಲ್ಲಿ ಮೋಸವೇನೂ ಇರಲಿಲ್ಲ. ಇದ್ದದ್ದು ಅವಸರ ಮತ್ತು ಅಸ್ಪಷ್ಟ ಮಾತು. ರೈಲ್ವೆಯಲ್ಲಾಗಲೀ ವಿಮಾನ ನಿಲ್ದಾಣದಲ್ಲಾಗಲೀ ಕೇಳಿದ್ದನ್ನು ಮತ್ತೊಮ್ಮೆ ಹೇಳಿಸಿ ಖಚಿತಪಡಿಸಿಕೊಳ್ಳುವ ಪದ್ಧತಿ ಎಷ್ಟೋ ಕಾಲದಿಂದ ಇದೆ. ಕೋಟಿಗಟ್ಟಲೆ ಪೌಂಡುಗಳ ಲೀಗಿಗೆ ಅದು ಹೊಳೆದಿರಲಿಲ್ಲ.

ತನ್ನ ಉತ್ತರಕ್ಕೆ ತಾನೇ ಅಂಕ

ಇಂಥ ತಪ್ಪಿಗೆ ಉತ್ತರ ಕೊಡಬೇಕಾದವರು ಯಾರು? ಇಂಗ್ಲೆಂಡಿನಲ್ಲಿ ವೃತ್ತಿಪರ ರೆಫರಿಗಳನ್ನು ನಡೆಸುವುದು 2001ರಲ್ಲಿ ಆರಂಭವಾದ ಪಿಜಿಎಂಒಎಲ್ ಎಂಬ ಸಂಸ್ಥೆ. ಅದಕ್ಕೆ ಹಣ ಕೊಡುವವು ಅಲ್ಲಿನ ಫುಟ್‌ಬಾಲ್ ಸಂಘ ಮತ್ತು ಲೀಗುಗಳು. ವಿವಾದಿತ ತೀರ್ಮಾನಗಳನ್ನು ಪರಿಶೀಲಿಸಲು 2022–23ರಿಂದ ಐವರ ಸಮಿತಿಯಿದೆ. ಅದರಲ್ಲಿ ಮೂವರು ಮಾಜಿ ಆಟಗಾರರು ಅಥವಾ ತರಬೇತುದಾರರು, ಇನ್ನಿಬ್ಬರು ಲೀಗಿನ ಮತ್ತು ರೆಫರಿ ಸಂಸ್ಥೆಯ ಪ್ರತಿನಿಧಿಗಳು. ಟಿಕೆಟ್ಟು ಕೊಂಡ ಪ್ರೇಕ್ಷಕನಿಗೆ ಅಲ್ಲಿ ಕುರ್ಚಿಯಿಲ್ಲ. ತನ್ನ ಉತ್ತರ ಪತ್ರಿಕೆಗೆ ತಾನೇ ಅಂಕ ಹಾಕಿಕೊಂಡಂತೆ ಎಂದು ಅಭಿಮಾನಿಗಳು ಮೂಗು ಮುರಿದರೆ ಆಶ್ಚರ್ಯವೇನು?

ತಪ್ಪು ಮಾಡಿದವರಿಗಿಂತ ತಪ್ಪನ್ನು ಎತ್ತಿ ಆಡಿದವರಿಗೇ ದೊಡ್ಡ ಶಿಕ್ಷೆ ಎಂಬ ಭಾವನೆಯೂ ಬಲವಾಗಿದೆ. 2024ರ ಏಪ್ರಿಲ್‌ನಲ್ಲಿ ಎವರ್ಟನ್ ವಿರುದ್ಧ ಮೂರು ಪೆನಾಲ್ಟಿ ತಪ್ಪಿಸಿದರೆಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬು ಸಾಮಾಜಿಕ ಜಾಲತಾಣದಲ್ಲಿ ಹರಿಹಾಯ್ದು, ವಿಡಿಯೋ ರೆಫರಿಯ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿತು. ಅದಕ್ಕೆ ಬಿದ್ದ ದಂಡ 7,50,000 ಪೌಂಡ್. ಇತ್ತ ಡಿಯಾಜ್ ಪ್ರಕರಣದ ಇಬ್ಬರು ವಿಡಿಯೋ ರೆಫರಿಗಳನ್ನು ಮುಂದಿನ ಪಂದ್ಯಗಳ ಹೊಣೆಯಿಂದ ಬಿಡಿಸಲಾಯಿತು, ಅಷ್ಟೆ.

ಕೆಲವೊಮ್ಮೆ ಸಂಸ್ಥೆಗಳು ನಡೆದುಕೊಳ್ಳುವ ರೀತಿ ಇನ್ನೂ ವಿಚಿತ್ರ. 2009ರ ನವೆಂಬರ್ 18ರಂದು ಪ್ಯಾರಿಸ್ಸಿನಲ್ಲಿ ಥಿಯರಿ ಹೆನ್ರಿ ಕೈಯಿಂದ ಚೆಂಡನ್ನು ತಡೆದು ಕೊಟ್ಟ ಪಾಸಿನಿಂದ ಫ್ರಾನ್ಸ್ ಗೋಲು ಹೊಡೆದು ವಿಶ್ವಕಪ್ ತಲುಪಿತು, ಐರ್ಲೆಂಡ್ ಮನೆಗೆ ಹೋಯಿತು. ಮರುಪಂದ್ಯದ ಬೇಡಿಕೆಯನ್ನು ಫಿಫಾ ಒಪ್ಪಲಿಲ್ಲ. ಆದರೆ ಐರ್ಲೆಂಡಿನ ಸಂಘಕ್ಕೆ ಫಿಫಾ 50 ಲಕ್ಷ ಯೂರೋ ಕೊಟ್ಟಿತ್ತೆಂಬ ಗುಟ್ಟು 2015ರಲ್ಲಿ ಹೊರಬಿತ್ತು! ಸಂಘಕ್ಕೆ ಹಣ ಸಿಕ್ಕಿತು. ಪ್ಯಾರಿಸ್ಸಿನವರೆಗೆ ಹೋಗಿ ಕಣ್ಣೀರಿಟ್ಟು ಬಂದ ಅಭಿಮಾನಿಗೆ ಸಿಕ್ಕಿದ್ದೇನು?

ಹೀಗೆ ಮುಚ್ಚಿಟ್ಟಷ್ಟೂ ಸಂಶಯ ಬೆಳೆಯುತ್ತದೆ. ಸಂಶಯಕ್ಕೆ ಆಧಾರವೇ ಇಲ್ಲವೆನ್ನುವಂತೆಯೂ ಇಲ್ಲ. ಜರ್ಮನಿಯಲ್ಲಿ 2005ರಲ್ಲಿ ರೆಫರಿಯೊಬ್ಬ ಜೂಜುಕೋರರಿಗಾಗಿ ಪಂದ್ಯ ತಿರುಚಿ ಜೈಲು ಶಿಕ್ಷೆಗೆ ಗುರಿಯಾದ. ಇಟಲಿಯಲ್ಲಿ 2006ರಲ್ಲಿ ರೆಫರಿಗಳ ಆಯ್ಕೆಯಲ್ಲೇ ಕೈಯಾಡಿಸಿದ ಹಗರಣದಿಂದ ಯುವೆಂಟಸ್‌ನಂಥ ಕ್ಲಬ್ಬು ಕೆಳಗಿನ ಶ್ರೇಣಿಗೆ ಬಿದ್ದಿತು. 2025ರ ಅಕ್ಟೋಬರ್‌ನಲ್ಲಿ ಟರ್ಕಿಯ ಫುಟ್‌ಬಾಲ್ ಸಂಘವೇ ತನ್ನ 571 ರೆಫರಿಗಳಲ್ಲಿ 371 ಮಂದಿಗೆ ಬೆಟ್ಟಿಂಗ್ ಖಾತೆಗಳಿವೆಯೆಂದು ಬಹಿರಂಗಪಡಿಸಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಮತವಿದ್ದಲ್ಲಿ ಮಾತಿಗೆ ಬೆಲೆ

ಸ್ವೀಡನ್ನಿನ ಉದಾಹರಣೆ ಗಮನಾರ್ಹ. ಅಲ್ಲಿ ಕ್ಲಬ್ಬುಗಳ ಶೇಕಡಾ 51ರಷ್ಟು ಮತ ಸದಸ್ಯರ, ಅಂದರೆ ಅಭಿಮಾನಿಗಳ ಕೈಯಲ್ಲಿರಬೇಕು. ಅವರು ವಿಎಆರ್ ಬೇಡವೆಂದರು. 2024ರಲ್ಲಿ ಸಂಘ ಆ ಯೋಜನೆಯನ್ನು ಕೈಬಿಟ್ಟಿತು. ನೆರೆಯ ನಾರ್ವೆಯಲ್ಲಿ ಅದೇ ವರ್ಷ ಜುಲೈನಲ್ಲಿ ಪ್ರೇಕ್ಷಕರು ಮೀನಿನ ವಡೆಗಳನ್ನೂ ಟೆನಿಸ್ ಚೆಂಡುಗಳನ್ನೂ ಮೈದಾನಕ್ಕೆ ಎಸೆದು ವಿಎಆರ್ ವಿರುದ್ಧ ಪ್ರತಿಭಟಿಸಿದರು, ಪಂದ್ಯವೇ ನಿಂತುಹೋಯಿತು. 2025ರ ಮಾರ್ಚ್‌ನಲ್ಲಿ ಅಲ್ಲಿನ ಮಹಾಸಭೆ ಚರ್ಚಿಸಿ ವಿಎಆರ್ ಉಳಿಸಿಕೊಳ್ಳಲು ಮತ ಹಾಕಿತು. ಫಲಿತಾಂಶ ಬೇರೆಬೇರೆಯಾದರೂ ಎರಡು ಕಡೆಯೂ ವಿಷಯ ಬಯಲಿನಲ್ಲೇ ತೀರ್ಮಾನವಾಯಿತು. ಇಂಗ್ಲೆಂಡಿನಲ್ಲಿ 2024ರ ಜೂನ್‌ನಲ್ಲಿ ವಿಎಆರ್ ರದ್ದತಿಯ ಗೊತ್ತುವಳಿ 19–1ರಿಂದ ಬಿದ್ದುಹೋಯಿತು. ಆ ಮತಗಳೆಲ್ಲ ಕ್ಲಬ್ಬಿನ ಮಾಲೀಕರವು.

ಆದರೂ ಕೂಗು ಪೂರ್ತಿ ವ್ಯರ್ಥವಾಗಿಲ್ಲ. 2025ರ ಜನವರಿಯಲ್ಲಿ ಇಂಗ್ಲೆಂಡಿನ ಲೀಗ್ ಕಪ್ ಸೆಮಿಫೈನಲ್‌ನಲ್ಲಿ ರೆಫರಿ ಮೊದಲ ಬಾರಿಗೆ ಧ್ವನಿವರ್ಧಕದಲ್ಲಿ ತನ್ನ ತೀರ್ಮಾನಕ್ಕೆ ಕಾರಣ ಹೇಳಿದರು. ಆ ವರ್ಷದ ಏಪ್ರಿಲ್‌ನಿಂದ ಪ್ರೀಮಿಯರ್ ಲೀಗಿನಲ್ಲೂ ಅರೆ–ಸ್ವಯಂಚಾಲಿತ ಆಫ್‌ಸೈಡ್ ವ್ಯವಸ್ಥೆ ಬಂತು.

ಅಭಿಮಾನಿಗಳೂ ಒಂದು ಗೆರೆ ದಾಟಬಾರದು. 2005ರಲ್ಲಿ ಸ್ವೀಡನ್ನಿನ ಹೆಸರಾಂತ ರೆಫರಿ ಆಂಡರ್ಸ್ ಫ್ರಿಸ್ಕ್ ಕೊಲೆ ಬೆದರಿಕೆಗಳಿಂದ ಬೇಸತ್ತು ಸೀಟಿಯನ್ನೇ ಕೆಳಗಿಟ್ಟರು. 2023ರ ಡಿಸೆಂಬರ್‌ನಲ್ಲಿ ಟರ್ಕಿಯಲ್ಲಿ ಕ್ಲಬ್ಬೊಂದರ ಅಧ್ಯಕ್ಷನೇ ಮೈದಾನಕ್ಕೆ ನುಗ್ಗಿ ರೆಫರಿಯ ಮುಖಕ್ಕೆ ಗುದ್ದಿದ. ಹೀಗಾದರೆ ನಾಳೆ ಸೀಟಿ ಹಿಡಿಯಲು ಯಾವ ಹುಡುಗ ಮುಂದೆ ಬಂದಾನು? ಒಳ್ಳೆಯ ರೆಫರಿಗಳಿಲ್ಲದೆ ಒಳ್ಳೆಯ ತೀರ್ಪು ಎಲ್ಲಿಂದ ಬಂದೀತು?

ಅಭಿಮಾನಿಗಳು ಕೇಳುತ್ತಿರುವುದು ಬಹಳ ದೊಡ್ಡದನ್ನೇನೂ ಅಲ್ಲ. ತೀರ್ಮಾನಕ್ಕೆ ಕಾರಣವನ್ನು ಆಗಲೇ ಹೇಳಿ. ರೆಫರಿಗಳ ನಡುವಿನ ಮಾತನ್ನು ಮುಚ್ಚಿಡಬೇಡಿ. ತಪ್ಪಾದರೆ, ಮತ್ತೆ ಆಗದಂತೆ ಏನು ಮಾಡಿದಿರೆಂದು ತಿಳಿಸಿ. ಪರಿಶೀಲಿಸುವ ಸಮಿತಿ ಲೀಗಿನ ಹಂಗಿನಲ್ಲಿರದಿರಲಿ. ಇವುಗಳಲ್ಲಿ ಒಂದಕ್ಕೂ ಹೊಸ ಯಂತ್ರ ಬೇಕಾಗಿಲ್ಲ. ದುಬಾರಿ ಕ್ಯಾಮರಾ ಕೊಳ್ಳಲಾಗದ ಲೀಗುಗಳೂ ಇಷ್ಟನ್ನು ಮಾಡಬಹುದು. ರೆಫರಿ ತಪ್ಪದೇ ಇರಬೇಕೆಂದು ಯಾವ ಪ್ರೇಕ್ಷಕನೂ ಹಟ ಹಿಡಿಯುವುದಿಲ್ಲ. ಸೋತು ಮನೆಗೆ ಹೋಗುವಾಗ ಯಾಕೆ ಸೋತೆವೆಂದು ತಿಳಿದರೆ ಆತ ಮುಂದಿನ ವಾರ ಮತ್ತೆ ಟಿಕೆಟ್ಟಿನ ಸಾಲಿನಲ್ಲಿ ನಿಲ್ಲುತ್ತಾನೆ.